ಹಲಗೆಯಲ್ಲಿ ಇಲ್ಲದ ಮಾತು

ಪ್ರಶ್ನೆ: ನಾನು ಆರನೇ ತರಗತಿಗೆ ಭಾಷೆ ಕಲಿಸುತ್ತೇನೆ. ಈ ಸಲ ಮಕ್ಕಳ ಜೊತೆ ಒಂದು ಕಾದಂಬರಿ ಓದುತ್ತಿದ್ದೇವೆ. ನಾಯಕಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಸಿಗುವುದಿಲ್ಲ. ಅವಳಿಗೆ ಮಾತಾಡಲು ಆಗುವುದಿಲ್ಲ, ಆದರೆ ಕಥೆ ಹೇಳುವವಳು ಅವಳೇ. ತಲೆ ಬಲು ಚುರುಕು. ನಮ್ಮ ಮಕ್ಕಳು ಮಾತ್ರ ‘ಅಯ್ಯೋ ಪಾಪ’ ಅನ್ನುವುದನ್ನು ಬಿಟ್ಟು ಮುಂದೆ ಹೋಗುತ್ತಿಲ್ಲ. ಬಾಯಿಗೆ ಟೇಪ್ ಹಚ್ಚಿ ಒಂದು ಪೀರಿಯಡ್ ಕೂರಿಸಿದರೆ ಅರ್ಥವಾಗಬಹುದೇ? ತರಗತಿಯಲ್ಲಿ ಮಾತು ತೊದಲುವ ಹುಡುಗನೊಬ್ಬ ಇದ್ದಾನೆ. ಅವನ ಅನುಭವ ಹೇಳಿಸಲೇ?
— ಒಬ್ಬ ಶಿಕ್ಷಕಿ

ಉತ್ತರ: ಟೇಪ್ ಬೇಡ ಟೀಚರ್. ಮಕ್ಕಳು ಐದು ನಿಮಿಷ ಕಿಸಿಕಿಸಿ ನಗುತ್ತಾರೆ. ಆಮೇಲೆ ಚಡಪಡಿಸುತ್ತಾರೆ. ಟೇಪ್ ಕಿತ್ತ ಕೂಡಲೇ ‘ಸದ್ಯ, ನಮಗೆ ಹಾಗಿಲ್ವಲ್ಲ’ ಅಂದುಕೊಂಡು ಆಟಕ್ಕೆ ಓಡುತ್ತಾರೆ. ‘ಪಾಪ’ ಇನ್ನಷ್ಟು ಗಟ್ಟಿಯಾಗುತ್ತದೆ. ಹುಟ್ಟಿದಾಗಿನಿಂದ ಹಾಗೇ ಬದುಕಿದವರು ಕಣ್ಣಲ್ಲಿ, ಕೈಯಲ್ಲಿ, ಸದ್ದಿನಲ್ಲಿ ಏನೇನೋ ದಾರಿ ಕಂಡುಕೊಂಡಿರುತ್ತಾರೆ. ಅದೊಂದೂ ಟೇಪಿನಿಂದ ತಿಳಿಯುವುದಿಲ್ಲ.

ನನ್ನ ತಂಗಿಯ ವಿಷಯ ಹೇಳುತ್ತೇನೆ. ಅವಳಿಗೂ ಸೆರೆಬ್ರಲ್ ಪಾಲ್ಸಿ. ಕಣ್ಣು ಮೇಲೆತ್ತಿದರೆ ಹೌದು, ಬಿಗಿಯಾಗಿ ಮುಚ್ಚಿದರೆ ಇಲ್ಲ. ಅಮ್ಮ ರಟ್ಟಿನ ಮೇಲೆ ಚಿತ್ರ ಅಂಟಿಸಿ ಒಂದು ಹಲಗೆ ಮಾಡಿಕೊಟ್ಟಿದ್ದರು. ನೀರು, ಊಟ, ನಿದ್ದೆ, ನೋವು, ಬಚ್ಚಲು, ಹೀಗೆ 18 ಚಿತ್ರ. ಎಡಗೈ ಮುಷ್ಟಿಯಿಂದ ಅವಳು ಆ ಚೌಕಗಳಿಗೆ ಗುದ್ದುತ್ತಿದ್ದಳು. ಒಂದಷ್ಟು ಕಾಲ ಸಂಜೆಯಾದರೆ ಸಾಕು, ‘ನೋವು’ ಅನ್ನುವ ಚೌಕಕ್ಕೇ ಗುದ್ದು. ಎಲ್ಲಿ ನೋವು ಅಂತ ಹೊಟ್ಟೆ, ಕಿವಿ, ಹಲ್ಲು ಎಲ್ಲ ಮುಟ್ಟಿ ನೋಡಿದ್ದಾಯಿತು. ಎಷ್ಟೋ ದಿನದ ಮೇಲೆ ನನಗೆ ಹೊಳೆಯಿತು. ನಾನು ಹಾಡಲು ಕೂತಾಗ ಮಾತ್ರ ಅವಳಿಗೆ ನೋವು ಬರುತ್ತಿತ್ತು! ‘ಅಕ್ಕ, ನಿಲ್ಲಿಸು’ ಅನ್ನಲು ಆ ಹಲಗೆಯಲ್ಲಿ ಚೌಕವೇ ಇರಲಿಲ್ಲ. ಹಲಗೆ ಅವಳದು, ಅದರಲ್ಲಿದ್ದ ಮಾತೆಲ್ಲ ಅಮ್ಮನದು.

ಅದಕ್ಕೇ ಹೇಳುತ್ತೇನೆ, ಟೇಪಿನ ಬದಲು ಹಲಗೆ ಮಾಡಿಸಿ. ಇಬ್ಬಿಬ್ಬರ ಜೋಡಿ, ಜೋಡಿಗೊಂದು ಕಾಗದ, 20 ಚೌಕ. ಪದಗಳನ್ನು ಅವರೇ ಆರಿಸಲಿ. ಮೊದಲು ಬರೀ ಸಾಮಾನಿನ ಹೆಸರು ಬರೆಯುತ್ತಾರೆ: ಪುಸ್ತಕ, ಚೆಂಡು, ನೀರು. ಬರೆಯಲಿ, ಸುಮ್ನೆ ಇರಿ. ಆಮೇಲೆ ಕೆಲಸ ಕೊಡಿ. ಈ ಹಲಗೆಯಿಂದಲೇ ಜಗಳ ಆಡಬೇಕು. ಒಂದು ತಮಾಷೆ ಮಾಡಬೇಕು. ‘ನೀನು ನನ್ನನ್ನು ತಪ್ಪು ತಿಳಿದೆ’ ಅಂತ ಹೇಳಬೇಕು. ಪುಸ್ತಕ, ಚೆಂಡು ಇಟ್ಟುಕೊಂಡು ಹೇಗೆ ಜಗಳ ಆಡುವುದು, ಅಲ್ವಾ? ಆಗ ಎರಡನೇ ಹಲಗೆ ಬರೆಸಿ. ಈಗ ‘ಬೇಡ’, ‘ಯಾಕೆ’, ‘ಅದಲ್ಲ’, ‘ಮತ್ತೆ’, ‘ನಾನು’ ಬರುತ್ತವೆ. ಸ್ಪೀಚ್ ಥೆರಪಿಸ್ಟ್‌ಗಳು ಒತ್ತು ಕೊಡುವುದೂ ಇಂಥ ಪದಗಳಿಗೇ. ನಾವು ದಿನಾ ಆಡುವ ಮಾತಿನ ಬಹುಪಾಲು ಇಂಥ ಕೆಲವು ನೂರು ಪದಗಳಲ್ಲೇ ಮುಗಿಯುತ್ತದೆ.

ಪದ ಯಾರದು ಅನ್ನುವ ಜಗಳ ಹಳೆಯದು. ದೇಶದೇಶಗಳ ಜನ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಿ ಅಂತ ಚಾರ್ಲ್ಸ್ ಬ್ಲಿಸ್ 1949ರಲ್ಲಿ ಒಂದು ಚಿಹ್ನೆಗಳ ಬರವಣಿಗೆ ಪ್ರಕಟಿಸಿದರು. ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 1971ರಲ್ಲಿ ಟೊರಾಂಟೊದ ಒಂದು ಕೇಂದ್ರ ಅದನ್ನು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮುಂದಿಟ್ಟಿತು. ಮಕ್ಕಳು ಚಿಹ್ನೆ ತೋರಿಸಿ ಮಾತಾಡತೊಡಗಿದರು. ಬ್ಲಿಸ್ ಮೊದಲು ಹಿಗ್ಗಿದರು. ಆಮೇಲೆ ‘ನನ್ನ ಚಿಹ್ನೆಗಳನ್ನು ಬದಲಾಯಿಸುತ್ತಿದ್ದೀರಿ’ ಅಂತ ಅದೇ ಕೇಂದ್ರದ ಮೇಲೆ ಜಗಳಕ್ಕೂ ನಿಂತರು. ಈ ಕಥೆಯನ್ನು ಮಕ್ಕಳಿಗೆ ಹೇಳಿ, ಚೆನ್ನಾಗಿ ವಾದ ಮಾಡುತ್ತಾರೆ.

ಜೋಡಿಯಲ್ಲಿ ಕೇಳುವವರಿಗೂ ಒಂದು ನಿಯಮ ಇರಲಿ: ಎದುರಿನವರು ಮುಗಿಸುವ ತನಕ ಊಹಿಸಿ ಬಾಯಿ ಹಾಕುವಂತಿಲ್ಲ. ಮಕ್ಕಳಿಗೆ ಹಲಗೆಗಿಂತ ಇದೇ ಜಾಸ್ತಿ ಕಷ್ಟ. ನಾವು ನಿಮಿಷಕ್ಕೆ ಸುಮಾರು 150 ಪದ ಆಡುತ್ತೇವೆ. ಹಲಗೆ ಅಥವಾ ಯಂತ್ರದಲ್ಲಿ ಒಂದೊಂದೇ ಆರಿಸುವವರಿಗೆ 15 ದಾಟುವುದೂ ಕಷ್ಟ. ಮಾತು ಕಳೆದುಕೊಂಡಿದ್ದ ಹೆಸರಾಂತ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಸ್ನಾಯು ಅಲುಗಿಸಿ ಪದ ಆರಿಸುತ್ತಿದ್ದರು. ಜನ ಕಾಯುತ್ತಿದ್ದರು, ಯಾಕೆಂದರೆ ಅವರು ಹಾಕಿಂಗ್. ನಿಮ್ಮ ಕಾದಂಬರಿಯ ಹುಡುಗಿಗೆ ಯಾರು ಕಾದರು? ಯಾರು ಅವಳೆದುರೇ ಅವಳ ಬಗ್ಗೆ ಅಮ್ಮನನ್ನು ಕೇಳಿದರು? ಪೆನ್ಸಿಲ್ ಕೊಟ್ಟು ಆ ಪುಟಗಳನ್ನು ಹುಡುಕಿಸಿ. ಹುಡುಗಿಯ ಬಗ್ಗೆ ‘ಪಾಪ’ ಅನ್ನುತ್ತಿದ್ದವರಿಗೆ ಸುತ್ತಲಿನವರ ಮೇಲೆ ಸಿಟ್ಟು ಬರುತ್ತದೆ. ಕೆಲವರು ಮಧ್ಯೆ ಸುಮ್ಮನಾಗುತ್ತಾರೆ, ತಾವೂ ಹಾಗೆ ಮಾಡಿದ್ದು ನೆನಪಾಗಿ. ಅದನ್ನು ಕೆದಕಬೇಡಿ.

ತೊದಲುವ ಹುಡುಗನನ್ನು ಎದ್ದು ನಿಲ್ಲಿಸಬೇಡಿ. ಮೊದಲೇ ಒಬ್ಬನನ್ನೇ ಕರೆದು, ಇಂಥ ಪುಸ್ತಕ ಓದುತ್ತಿದ್ದೇವೆ ಅಂತ ತಿಳಿಸಿದರೆ ಸಾಕು. ಹೇಳಬೇಕು ಅನ್ನಿಸಿದರೆ ತಾನೇ ಕೈ ಎತ್ತುತ್ತಾನೆ. ಆಗಲೂ ‘ನಿಧಾನ, ಉಸಿರು ತಗೋ’ ಅನ್ನಬೇಡಿ, ಅವನ ವಾಕ್ಯ ನೀವು ಮುಗಿಸಬೇಡಿ.

ನಾನೇ ಈ ತಪ್ಪು ಮಾಡಿದವಳು. ಟೀಚರ್ ಆದ ಹೊಸತರಲ್ಲಿ ತಂಗಿಯನ್ನು ನನ್ನ ತರಗತಿಗೆ ಕರೆದುಕೊಂಡು ಹೋಗಿದ್ದೆ. ಅವಳ ಧೈರ್ಯ, ಅವಳ ಜಾಣತನ, ಅರ್ಧ ಗಂಟೆ ಹೇಳಿದ್ದೇ ಹೇಳಿದ್ದು. ಅಷ್ಟು ಹೊತ್ತಿಗೆ ಹಲಗೆಗೆ ಹೊಸ ಚೌಕಗಳು ಸೇರಿದ್ದವು. ಮನೆಗೆ ಬಂದು ಹೇಗಿತ್ತು ಅಂತ ಕೇಳಿದೆ. ಮೂರು ಗುದ್ದು ಕೊಟ್ಟಳು: ‘ನೀನು’, ‘ಮಾತು’, ‘ಜಾಸ್ತಿ’.