ಮಯಸ್ತೇನಿಯಾ ಇರುವವರಿಗೆ ಊರಲ್ಲೊಬ್ಬ ಡಾಕ್ಟರು

ನಿಮ್ಮ ತಾಯಿಗೆ ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸೋತು ನಿಶ್ಶಕ್ತವಾಗುವ ಕಾಯಿಲೆ), ತೋರಿಸುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಆದರೆ ಜ್ವರ, ಕೆಮ್ಮು ಬಂದರೆ ಹಾಸನದಲ್ಲಿ ಯಾರ ಹತ್ತಿರ ಹೋಗುವುದು ಎಂದು ಕೇಳಿದ್ದೀರಿ. ನನಗೂ ಇದೇ ಕಾಯಿಲೆ, 11 ವರ್ಷವಾಯ್ತು.

ದೊಡ್ಡ ಹೆಸರಿನವರನ್ನು ಹುಡುಕಬೇಡಿ. ಮನೆ ಹತ್ತಿರದ, ಜನರಲ್ ಮೆಡಿಸಿನ್ ಎಂ.ಡಿ. ಮಾಡಿದ ಒಬ್ಬರು ಸಾಕು. ಮೊದಲ ಸಲ ಅಮ್ಮ ಹುಷಾರಾಗಿರುವಾಗಲೇ ಹೋಗಿ, ರಶ್ ಇಲ್ಲದ ಹೊತ್ತಿನಲ್ಲಿ. ದಪ್ಪ ಫೈಲ್ ಮುಂದಿಟ್ಟರೆ ಯಾರೂ ಓದುವುದಿಲ್ಲ. ಒಂದೇ ಹಾಳೆ ಸಾಕು: ಕಾಯಿಲೆಯ ಹೆಸರು, ಈಗಿನ ಮಾತ್ರೆ ಮತ್ತು ಡೋಸ್, ಆಗದ ಔಷಧಿಗಳು. ಆ ಕೊನೆಯದೇ ಮುಖ್ಯ. ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಜೆಂಟಾಮೈಸಿನ್‌ನಂಥ ಮಾಮೂಲಿ ಆಂಟಿಬಯೋಟಿಕ್‌ಗಳೇ ಈ ಕಾಯಿಲೆಯಲ್ಲಿ ಸ್ನಾಯುಗಳ ನಿಶ್ಶಕ್ತಿಯನ್ನು ಜಾಸ್ತಿ ಮಾಡಬಹುದು. ಡ್ರಿಪ್‌ನಲ್ಲಿ ಕೊಡುವ ಮೆಗ್ನೀಸಿಯಂ ಕೂಡ. ಆ ಪಟ್ಟಿಯನ್ನು ನಿಮ್ಹಾನ್ಸ್ ಡಾಕ್ಟರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಆಗ ರೋಗಿಯೇ ಡಾಕ್ಟರಿಗೆ ಪಾಠ ಹೇಳಿದಂತೆ ಆಗುವುದಿಲ್ಲ, ಅಲ್ವಾ?

ಆಮೇಲೆ ಒಂದು ಮಾತು ಕೇಳಿ: "ಸಾರ್, ಅನುಮಾನ ಬಂದರೆ ನಿಮ್ಹಾನ್ಸ್‌ಗೆ ಫೋನ್ ಮಾಡಿ ಕೇಳ್ತೀರಾ?" ನಾನು ನೋಡಿದ ಮೊದಲನೆಯವರು "ಇದೆಲ್ಲ ನಮಗೆ ಗೊತ್ತಿದೆ" ಎಂದು ಹಾಳೆ ಮಡಚಿ ವಾಪಸ್ ಕೊಟ್ಟರು. ಎರಡನೆಯವರು "ಕಾಲೇಜಿನಲ್ಲಿ ಓದಿದ್ದು, ಮರೆತಿದೆ. ಹಾಳೆ ಇಲ್ಲೇ ಬಿಟ್ಟು ಹೋಗಿ, ಗುರುವಾರ ಬನ್ನಿ" ಎಂದರು. ಈಗಲೂ ಅವರ ಹತ್ತಿರವೇ ಹೋಗುತ್ತೇನೆ.

ಉಸಿರಾಡಲು, ನುಂಗಲು ಕಷ್ಟವಾದರೆ ಮಾತ್ರ ಕ್ಲಿನಿಕ್ ಬೇಡ. ಸೀದಾ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಗೆ ಹತ್ತಿರ ಅದು ಯಾವುದು ಎಂದು ಇವತ್ತೇ ವಿಚಾರಿಸಿಡಿ.