1842ರ ಕಾಬೂಲ್ ಹಿಮ್ಮೆಟ್ಟುವಿಕೆ: ಬದುಕಿ ಬಂದವನು ಒಬ್ಬನೇ?

ಅಫ್ಘನ್ನರ ದಂಗೆಯಿಂದಾಗಿ ಕಾಬೂಲನ್ನು ಬಿಟ್ಟು ಹೊರಟ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮತ್ತು ಅದರ ಜೊತೆಗಿದ್ದವರು ಸೇರಿ ಹದಿನಾರು ಸಾವಿರ ಜನರಲ್ಲಿ ಸೈನ್ಯದ ವೈದ್ಯ ಡಾಕ್ಟರ್ ಬ್ರೈಡನ್ ಒಬ್ಬರೇ ಬದುಕಿ ಬಂದದ್ದು ನಿಜವೇ, ಆ ಸೋಲಿನಿಂದ ಮುಂದೇನಾಯಿತು ಎಂದು ಕೇಳಿದ್ದೀರಿ. ನಿಜವಲ್ಲ. 1842ರ ಜನವರಿ 13ರಂದು ಬ್ರಿಟಿಷ್ ಪಡೆಯಿದ್ದ ಜಲಾಲಾಬಾದಿನ ಕೋಟೆಯನ್ನು ಮುಟ್ಟಿದ ಐರೋಪ್ಯ ಅವರೊಬ್ಬರೇ ಎಂಬುದಷ್ಟೇ ಸತ್ಯ. ಮೊದಲ ಆಂಗ್ಲೋ-ಅಫ್ಘನ್ ಯುದ್ಧದ ಬಗ್ಗೆ ಹಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಈ ‘ಒಬ್ಬನೇ’ ಎಂಬ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ, ಏಕೆಂದರೆ ಆ ಲೆಕ್ಕದಲ್ಲಿ ನಮ್ಮ ಸಿಪಾಯಿಗಳೇ ಇಲ್ಲ.

ಜನವರಿ 6ರಂದು ಹೊರಟವರು ಸುಮಾರು 4,500 ಸೈನಿಕರು ಮತ್ತು 12,000ದಷ್ಟು ಪರಿವಾರದವರು. ಸೈನಿಕರಲ್ಲಿ ಐರೋಪ್ಯರು ಏಳುನೂರರ ಆಸುಪಾಸು. ಉಳಿದವರಲ್ಲಿ ಹೆಚ್ಚಿನವರು ಹಿಮವನ್ನೇ ಕಾಣದ ಉತ್ತರ ಹಿಂದೂಸ್ತಾನದ ಬಯಲಿನವರು. ಪರಿವಾರವೆಂದರೆ ಅಡುಗೆಯವರು, ನೀರು ಹೊರುವವರು, ಕುದುರೆ ನೋಡಿಕೊಳ್ಳುವವರು, ಅವರ ಹೆಂಡಿರು ಮಕ್ಕಳು.

ದುರಂತಕ್ಕೆ ಹಿಮವನ್ನು ದೂರಿದರೆ ಸಾಲದು. ಖರ್ಚು ಉಳಿಸುವ ಸಲುವಾಗಿ, ಜಲಾಲಾಬಾದಿನ ದಾರಿಯ ಕಣಿವೆಗಳನ್ನು ಕಾಯುತ್ತಿದ್ದ ಘಿಲ್ಜಾಯ್ ಬುಡಕಟ್ಟಿನ ಮುಖಂಡರಿಗೆ ಕೊಡುತ್ತಿದ್ದ ಹಣವನ್ನು 1841ರಲ್ಲಿ ಕಡಿತ ಮಾಡಲಾಯಿತು. ಮುಂದೆ ಅದೇ ಕಣಿವೆಗಳಲ್ಲೇ ಸೈನ್ಯ ನಡೆಯಬೇಕಾಯಿತು. ದವಸದ ಉಗ್ರಾಣವನ್ನು ದಂಡಿನ ಬೀಡಿನ ಹೊರಗಿಟ್ಟು ನವೆಂಬರಿನಲ್ಲಿ ಕಳೆದುಕೊಂಡರು. ಸೇನಾಪತಿ ಎಲ್ಫಿನ್‌ಸ್ಟನ್ ಕಾಯಿಲೆಯಿಂದ ಜರ್ಜರಿತರಾಗಿದ್ದರು. ಅಫ್ಘನ್ ಬಂಡಾಯದ ನಾಯಕ ಅಕ್ಬರ್ ಖಾನ್ ಒಪ್ಪಿಕೊಂಡಿದ್ದ ಕಾವಲೂ ಬರಲಿಲ್ಲ, ಆಹಾರವೂ ಬರಲಿಲ್ಲ.

ಹಳೆಯ ಕುದುರೆ ಕಂಬಳಿಗಳನ್ನು ಪಟ್ಟಿಗಳಾಗಿ ಹರಿದು, ಅಫ್ಘನ್ನರಂತೆ ಕಾಲಿಗೆ ಸುತ್ತಿಕೊಳ್ಳಲು ಸಿಪಾಯಿಗಳಿಗೆ ಹೇಳಿ ಎಂದು ಎಲ್ಡ್ರೆಡ್ ಪಾಟಿಂಜರ್ ಎಂಬ ಅಧಿಕಾರಿ ಕೊಟ್ಟ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ದಿನ ಹತ್ತು ಕಿಲೋಮೀಟರೂ ಸಾಗಲಿಲ್ಲ, ಡೇರೆಗಳೆಲ್ಲ ಹಿಂದೆಯೇ ಉಳಿದವು. ಅದೇ ರಾತ್ರಿ ಸೈನ್ಯದ ಜೊತೆಗಿದ್ದ ಕೆಲವು ಅಫ್ಘನ್ ಬಂದೂಕುಧಾರಿಗಳು ಒಂದಿಷ್ಟು ನೆಲದ ಹಿಮ ಗುಡಿಸಿ, ಕಾಲುಗಳನ್ನು ನಡುವಿಗೆ ಚಾಚಿ ವೃತ್ತಾಕಾರದಲ್ಲಿ ಒತ್ತಾಗಿ ಮಲಗಿ, ತಮ್ಮ ಕುರಿಚರ್ಮದ ಅಂಗಿಗಳನ್ನೆಲ್ಲ ಒಟ್ಟಿಗೆ ಹೊದ್ದುಕೊಂಡು ಬೆಳಗಿನವರೆಗೆ ಬೆಚ್ಚಗಿದ್ದರು. ನಮ್ಮ ಸಿಪಾಯಿಗಳು ಚಳಿ ತಾಳಲಾರದೆ ತಮ್ಮ ಟೋಪಿ, ಬಟ್ಟೆಗಳನ್ನೇ ಸುಟ್ಟು ಮೈ ಕಾಯಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಎಷ್ಟೋ ಜನರ ಕೈಕಾಲು ಮರಗಟ್ಟಿ, ಬಂದೂಕು ಹಿಡಿಯುವ ಶಕ್ತಿಯೇ ಉಳಿದಿರಲಿಲ್ಲ. ಸೈನ್ಯ ನಿಜವಾಗಿ ಸೋತದ್ದು ಅಲ್ಲಿ ಎಂದು ನನ್ನ ಅಭಿಪ್ರಾಯ. ಎರಡು ದಿನಗಳ ಬಳಿಕ ಖುರ್ದ್ ಕಾಬೂಲ್ ಕಣಿವೆಯಲ್ಲಿ ಸುಮಾರು 3,000 ಜನ ಸತ್ತರು. ಗಂಡಮಕ್ ಗುಡ್ಡದ ಮೇಲೆ ಕೊನೆಯ ತುಕಡಿಯೂ ಅಳಿಯಿತು.

ಹಾಗಿದ್ದರೂ ಬದುಕುಳಿದವರು ಹಲವರು. ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಅಕ್ಬರ್ ಖಾನನ ಸೆರೆಯಲ್ಲಿದ್ದು ಬಿಡುಗಡೆಯಾದರು. ಸಿಪಾಯಿಗಳ ಮತ್ತು ಪರಿವಾರದವರ ಪಾಡು ಬೇರೆ: ಅನೇಕರು ಗುಲಾಮರಾಗಿ ಮಾರಾಟವಾದರು, ಬೆರಳು ಪಾದಗಳನ್ನು ಕಳೆದುಕೊಂಡವರು ಕಾಬೂಲಿನ ಬೀದಿಗಳಲ್ಲಿ ಭಿಕ್ಷೆ ಬೇಡಿದರು. ಸೆಪ್ಟೆಂಬರಿನಲ್ಲಿ ಸೇಡು ತೀರಿಸಲು ಬಂದ ಬ್ರಿಟಿಷ್ ಸೇನಾಪತಿ ಪೊಲಾಕನ ಸೈನ್ಯಕ್ಕೆ ಇಂಥ ನೂರಾರು ಜನ ಸಿಕ್ಕರು. ಆ ಸೈನ್ಯ ನಗರದ ಚಾರ್ ಛತ್ತಾ ಬಜಾರನ್ನು ನೆಲಸಮ ಮಾಡಿ ಹಿಂದಿರುಗಿತು. ಕಂಪನಿ ಪಟ್ಟಕ್ಕೆ ಕೂರಿಸಿದ್ದ ಷಾ ಶುಜಾ ಏಪ್ರಿಲಿನಲ್ಲೇ ಕೊಲೆಯಾಗಿದ್ದ. ಯಾರನ್ನು ಇಳಿಸಲು ಯುದ್ಧ ಹೂಡಲಾಗಿತ್ತೋ ಆ ದೋಸ್ತ್ ಮೊಹಮ್ಮದನೇ 1843ರಲ್ಲಿ ಕಾಬೂಲಿಗೆ ಮರಳಿದ.

ಊರಿಗೆ ಮರಳಿದ ಸಿಪಾಯಿಗಳಲ್ಲಿ ಕೆಲವರನ್ನು ಜಾತಿ ಕೆಟ್ಟವರೆಂದು ಸ್ವಂತ ಮನೆಯವರೇ ದೂರವಿಟ್ಟರು. ಕಂಪನಿಯ ಸೈನ್ಯಕ್ಕೆ ಸೋಲೇ ಇಲ್ಲವೆಂಬ ನಂಬಿಕೆ ಈ ಸಿಪಾಯಿಗಳು ಸೇರಿದ್ದ ಕಂಪನಿಯ ಬಂಗಾಳ ಸೈನ್ಯದಲ್ಲಿ ಕುಸಿಯಿತು. 1857ರ ದಂಗೆಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ; ಆದರೆ ಆ ಹಿಮದಲ್ಲಿ ನಾಶವಾದ ಪಡೆಗಳಲ್ಲಿ 54ನೇ ದೇಶೀ ಪದಾತಿ ದಳವೂ ಒಂದು, ಮತ್ತು 1857ರ ಮೇ 11ರಂದು ದೆಹಲಿಯಲ್ಲಿ ಮೀರತ್ತಿನ ಬಂಡಾಯಗಾರರ ಕಡೆ ಸೇರಿದ್ದು ಅದೇ ಸಂಖ್ಯೆಯನ್ನು ಹೊತ್ತ ದಳ.