ಮೆತ್ತಿಗೆ ಅಡಿಕೆ ಬಂತು, ಯೋಗ ನಿಂತಿತು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಶಾರದಕ್ಕ ಅನ್ನೋಣ.

ಶಾರದಕ್ಕನಿಗೆ 46 ವರ್ಷ. ಶಿರಸಿ ಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ತೋಟದ ಮನೆ. ಗಂಡ, ಅತ್ತೆ, ಮಾವ, ಕೊಟ್ಟಿಗೆಯಲ್ಲಿ ಎರಡು ಹಸು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅಡಿಕೆ ಸುಲಿಯುವುದು ಮುಗಿದ ವಾರ, ಜನವರಿ ಕೊನೆಯಲ್ಲಿ, ನನ್ನ ಹತ್ರ ಬಂದರು. ಹೇಳಿದ ತೊಂದರೆ ನಿದ್ರೆಯದು. ರಾತ್ರಿ ಎರಡಕ್ಕೆ ಎಚ್ಚರ ಆಗುತ್ತದೆ, ಆಮೇಲೆ ಬೆಳಗಿನವರೆಗೆ ಹೊರಳಾಟ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಅರ್ಧ ಗಂಟೆ ಅದನ್ನೇ ಮಾತಾಡಿದೆವು.

ಎದ್ದು ಹೊರಡುವಾಗ ಕೈಚೀಲದಿಂದ ಒಂದು ಸುರುಳಿ ತೆಗೆದರು. ಗೋಡೆ ಕ್ಯಾಲೆಂಡರಿನ ಎರಡು ಹಾಳೆ. ನವೆಂಬರ್ ಹಾಳೆಯಲ್ಲಿ ಪೆನ್ಸಿಲಿನಿಂದ ಹಾಲಿನ ಲೆಕ್ಕ. ಅದರ ಪಕ್ಕ 2ನೇ ತಾರೀಕಿನಿಂದ 24ರವರೆಗೆ ಪ್ರತಿ ದಿನಕ್ಕೂ ಕೆಂಪು ಪೆನ್ನಿನ ಸರಿ ಗುರುತು. 25ಕ್ಕೆ ಒಂದು ಅಡ್ಡಗೆರೆ. ಆಮೇಲೆ ಕೆಂಪು ಪೆನ್ನು ಎಲ್ಲೂ ಇಲ್ಲ. ಡಿಸೆಂಬರ್ ಹಾಳೆಯಲ್ಲಿ ಬರೀ ಹಾಲಿನ ಲೆಕ್ಕ.

“ಯೋಗ ಮಾಡ್ತಿದ್ದೆ ಮೇಡಂ. ಇದು ಮೂರನೇ ಸಲ ಬಿಟ್ಟದ್ದು. ನನ್ನ ಹತ್ರ ಎಂತದೂ ಪೂರ್ತಿ ಮಾಡೂಕೆ ಆಗೂದಿಲ್ಲ.”

ನಿದ್ರೆಯ ಬಗ್ಗೆ ಹೇಳುವಾಗ ಇಲ್ಲದ ನಡುಕ ಈ ಮಾತಿನಲ್ಲಿತ್ತು. ಮುಂದಿನ ವಾರ ಇದನ್ನೇ ಮಾತಾಡೋಣ ಅಂದೆ.

ಮೊದಲ ಸಲ ಶುರು ಮಾಡಿದ್ದು ಎರಡು ವರ್ಷದ ಹಿಂದೆ, ಜೂನ್ 21ರಂದು. ಊರ ಶಾಲೆಯಲ್ಲಿ ಯೋಗ ದಿನ ಇತ್ತು, ಊರವರನ್ನೂ ಕರೆದಿದ್ದರು. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಘೋಷಿಸಿ, 2015ರಿಂದ ಪ್ರತಿ ವರ್ಷ ನಡೆಯುತ್ತಿರುವ ದಿನ ಅದು. ಎಷ್ಟೋ ಜನ ಅವತ್ತೇ ಮೊದಲ ಸಲ ಚಾಪೆ ಹಾಸುತ್ತಾರೆ, ನನಗೆ ಅದು ಖುಷಿಯ ವಿಷಯವೇ. ಆದರೆ ಘಟ್ಟದ ಮೇಲೆ ಜೂನ್ 21 ಅಂದರೆ ಮಳೆ ಹಿಡಿದು ಕೂತಿರುತ್ತದೆ. ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಹತ್ತು ದಿನಕ್ಕೆ ನಿಂತಿತು.

ಎರಡನೇ ಸಲ ಯೂಟ್ಯೂಬ್ ನೋಡಿ ಶುರು ಮಾಡಿದರು. ಪಕ್ಕದ ಮನೆಯಾಕೆ ಹಲಾಸನ ಮಾಡುತ್ತಾರೆ, ಕಾಲ್ಬೆರಳು ತಲೆಯ ಹಿಂದೆ ನೆಲಕ್ಕೆ ಮುಟ್ಟುತ್ತದೆ ಅಂತ ಕೇಳಿದ್ದರು. ಇವರೂ ಮುಟ್ಟಿಸಿದರು. ಕುತ್ತಿಗೆ ಹಿಡಿದುಕೊಂಡು ಎರಡು ವಾರ ತಲೆ ತಿರುಗಿಸಲಾಗಲಿಲ್ಲ.

ಮೂರನೇ ಸಲ ಪೇಟೆಯಲ್ಲಿ 21 ದಿನದ ಶಿಬಿರ. ಅಲ್ಲಿ ಒಬ್ಬ ಶಿಕ್ಷಕಿ ಚೆನ್ನಾಗಿಯೇ ಕಲಿಸಿದರು. ಮನೆಗೆ ಬಂದ ಶಾರದಕ್ಕ ದಿನಕ್ಕೆ ಒಂದು ಗಂಟೆ ಅಂತ ಸಂಕಲ್ಪ ಮಾಡಿದರು. ಹಾಲು ಕರೆಯುವ ಮೊದಲು ಮುಗಿಸಬೇಕು, ಅದಕ್ಕೆ ನಾಲ್ಕೂವರೆಗೆ ಏಳುವುದು. ಎರಡು ಗಂಟೆಗೆ ಎಚ್ಚರವಾಗಿ ನಾಲ್ಕಕ್ಕೆ ಮತ್ತೆ ಕಣ್ಣು ಹತ್ತಿದವರು ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದರು. ಹೀಗೆ 23 ದಿನ.

“25ನೇ ತಾರೀಕು ಎಂತ ಆಯ್ತು?” ಅಂತ ಕೇಳಿದೆ.

“ಕೊನೆಗೌಡ ಬಂದ. ಮೊದಲ ಕೊಯ್ಲು.” ಕೊನೆಗೌಡ ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವನು.

“ಸರಿ, ಅವತ್ತು ಆಗಲಿಲ್ಲ. 26ಕ್ಕೆ ಯಾಕೆ ಮಾಡಲಿಲ್ಲ?”

“ತಪ್ಪಿಹೋಯ್ತಲ್ಲ ಮೇಡಂ. ಇನ್ನು ಮಾಡಿ ಎಂತ ಪ್ರಯೋಜನ? ಮತ್ತೆ ಮೊದಲಿಂದ ಹಿಡೀಬೇಕು.”

ಶಾರದಕ್ಕ ಹದಿನಾರು ಸೋಮವಾರದ ವ್ರತ ಮಾಡಿದವರು. ನಡುವೆ ಒಂದು ವಾರ ತಪ್ಪಿದರೆ ಹಿಂದಿನದೆಲ್ಲ ಲೆಕ್ಕಕ್ಕಿಲ್ಲ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು. ಯೋಗವನ್ನೂ ಅದೇ ಕಟ್ಟಿನಲ್ಲಿ ಕಟ್ಟಿದ್ದರು. ಸಂಕಲ್ಪ, ಇಷ್ಟು ದಿನ, ತಪ್ಪಿದರೆ ವ್ರತಭಂಗ. ಸೋಮಾರಿತನದಿಂದ ಯೋಗ ಬಿಡುವವರನ್ನು ನಾನು ಕಂಡದ್ದು ಕಡಿಮೆ. ಹೀಗೆ ಭಂಗವಾಯಿತು ಅಂತ ನೊಂದು ಬಿಡುವವರೇ ಜಾಸ್ತಿ. ಶಾರದಕ್ಕನಂಥ ಅಚ್ಚುಕಟ್ಟಿನ ಹೆಂಗಸರಂತೂ ತಪ್ಪಿದ ಒಂದು ದಿನವನ್ನು ತಿಂಗಳಾನುಗಟ್ಟಲೆ ಹೊತ್ತು ತಿರುಗುತ್ತಾರೆ.

ವ್ರತ ಸುಳ್ಳು ಅಂತ ಹೇಳಲು ನಾನು ಯಾರು? ಅವರ ಮನೆಯಲ್ಲೇ ಇನ್ನೊಂದು ಲೆಕ್ಕ ಇರಬೇಕು ಅಂತ ಹುಡುಕಿದೆ.

“ತುಳಸಿಗೆ ದಿನಾ ದೀಪ ಇಡ್ತೀರಿ ಅಲ್ವಾ?”

“ಮದುವೆಯಾಗಿ ಬಂದಾಗಿಂದ.”

“ತಿಂಗಳಿಗೆ ಮೂರು ದಿನ?”

“ಆಗ ಇಡೂದಿಲ್ಲ. ಅತ್ತೆ ಇಡ್ತಾರೆ.”

“ನಾಲ್ಕನೇ ದಿನ?”

“ಮಿಂದು ಇಡ್ತೇನೆ.”

“ಮನೆಗೆ ಸೂತಕ ಬಂದರೆ?”

“ಹತ್ತು ದಿನ ಪೂಜೆಯೂ ಇಲ್ಲ, ದೀಪವೂ ಇಲ್ಲ. ಶುದ್ಧವಾದ ಮೇಲೆ ಮತ್ತೆ...”

ಅಲ್ಲಿಗೆ ನಿಲ್ಲಿಸಿದರು. ಕ್ಯಾಲೆಂಡರಿನ ಹಾಳೆಯನ್ನೇ ನೋಡಿದರು. ಆಮೇಲೆ, “ಅದಕ್ಕೆ ಯಾರೂ ತಪ್ಪಿತು ಅನ್ನೂದಿಲ್ಲ” ಅಂದರು. ನಾನು ಏನೂ ಸೇರಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅವರೇ ಒಂದು ಪ್ರಶ್ನೆ ಎತ್ತಿದರು. ಶಿಬಿರದಲ್ಲಿ ‘ನೈರಂತರ್ಯ’ ಅಂತ ಹೇಳಿದ್ದರಂತೆ, ಬಿಡದೇ ಮಾಡಬೇಕು ಅಂತ. ಅದು ಹೌದು. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಆ ಮಾತಿದೆ: ಬಹಳ ಕಾಲ, ಬಿಡದೆ, ಆದರದಿಂದ ಮಾಡಿದರೆ ಅಭ್ಯಾಸ ಗಟ್ಟಿಯಾಗುತ್ತದೆ. ಅದರ ಹಿಂದಿನ ಸೂತ್ರ ಮಾತ್ರ ಇವರ ಕಿವಿಗೆ ಬಿದ್ದಿರಲಿಲ್ಲ. ನೆಲೆ ನಿಲ್ಲಲು ಮಾಡುವ ಪ್ರಯತ್ನವೇ ಅಭ್ಯಾಸ ಅಂತ ಅಲ್ಲಿದೆ. ಬಿಟ್ಟದ್ದನ್ನು ಮತ್ತೆ ಹಿಡಿಯುವುದೂ ಪ್ರಯತ್ನವೇ ತಾನೇ? ‘ಆದರ’ ಅನ್ನುವ ಶಬ್ದವನ್ನು ನಾನು ಅವರಿಗೆ ಒತ್ತಿ ಹೇಳಿದೆ. ಅಡ್ಡಗೆರೆಗೆ ಹೆದರಿ, ನಿದ್ರೆಗಣ್ಣಲ್ಲಿ ಎದ್ದು ಮಾಡಿದ 23 ದಿನದಲ್ಲಿ ಅದು ಎಲ್ಲಿತ್ತು?

ಇನ್ನೂ ಒಂದು ಸಂಗತಿ ಹೊರಬಂದದ್ದು ತೀರಾ ಸಾಮಾನ್ಯ ಪ್ರಶ್ನೆಯಿಂದ. “ಮನೆಯಲ್ಲಿ ಎಲ್ಲಿ ಮಾಡ್ತಿದ್ರಿ?” ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಅಂದರು. ಜಗುಲಿಯಲ್ಲಿ ಮಾವ ಇರುತ್ತಾರೆ, ಅಲ್ಲಿ ಚೂಡಿದಾರ ಹಾಕಿಕೊಂಡು ಕಾಲು ಎತ್ತಲು ಸಂಕೋಚ. ಅದಕ್ಕೇ ಮಹಡಿ ಹತ್ತುತ್ತಿದ್ದರು. ಕೊಯ್ಲು ಶುರುವಾದ ಮೇಲೆ ಒಣಗಿದ ಅಡಿಕೆ ಚೀಲ ಎಲ್ಲಿಡುತ್ತಾರೆ? ಮೆತ್ತಿನ ಮೇಲೆ. ಡಿಸೆಂಬರ್ ಹೊತ್ತಿಗೆ ಅಲ್ಲಿ ಚಾಪೆ ಬಿಚ್ಚುವಷ್ಟು ಜಾಗವೂ ಇರಲಿಲ್ಲ. ತನ್ನ ಮನಸ್ಸು ಗಟ್ಟಿ ಇಲ್ಲ ಅಂತ ಎರಡು ತಿಂಗಳು ಕೊರಗಿದ ಹೆಂಗಸಿನ ಯೋಗದ ಜಾಗದಲ್ಲಿ ಅಡಿಕೆ ಚೀಲ ಕೂತಿತ್ತು. ಈಗ ಯಾರು ಯೋಗ ಬಿಟ್ಟೆ ಅಂತ ಬಂದರೂ ನಾನು ಮೊದಲು ಜಾಗ ಕೇಳುತ್ತೇನೆ, ಮನಸ್ಸಿನ ಮಾತು ಆಮೇಲೆ.

ಮನೆಯಲ್ಲಿ ಅತ್ತೆಯ ಮಾತೊಂದಿತ್ತು: “ಸೊಂಟ ಬಗ್ಗಿಸೂದೇ ಆದರೆ ಕೊಟ್ಟಿಗೆಯಲ್ಲಿ ಬೇಕಾದಷ್ಟು ಕೆಲಸ ಇದೆ.” ನಮ್ಮ ಕಡೆ ಸುಮಾರು ಮನೆಗಳಲ್ಲಿ ಕೇಳುವ ಮಾತು ಇದು. ಶಾರದಕ್ಕನಿಗೂ ಒಳಗೊಳಗೆ ಅದು ಸರಿ ಅನಿಸಿತ್ತು. ಅದಕ್ಕೆ ಅಡಿಕೆ ಸುಲಿಯುವಾಗ ಹೇಗೆ ಕೂರುತ್ತೀರಿ ತೋರಿಸಿ ಅಂದೆ. ನೆಲಕ್ಕೆ ಕೂತರು. ಮೆಟ್ಟುಗತ್ತಿಯ ಹಲಗೆ ಒತ್ತಿ ಹಿಡಿಯುವ ಹಾಗೆ ಕಾಲು ಮಡಚಿದರು. ಬೆನ್ನು ಮುಂದೆ ಬಾಗಿತು, ಗದ್ದ ಎದೆಯ ಹತ್ರ ಬಂತು. ಇಲ್ಲದ ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಇಲ್ಲದ ಅಲುಗಿಗೆ ಒತ್ತಿದರು. ಒತ್ತುವಾಗ ಉಸಿರು ಕಟ್ಟಿತು. ಸಿಪ್ಪೆ ಬಿಡಿಸಿ ಎಸೆಯುವವರೆಗೂ ಬಿಡಲಿಲ್ಲ. ಇನ್ನೊಂದು ಅಡಿಕೆ ತೆಗೆದರು. ಮತ್ತೆ ಉಸಿರು ಕಟ್ಟಿತು.

“ಎಷ್ಟು ಹೊತ್ತು ಹೀಗೆ?”

“ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದರ ತನಕ.”

ಈಗ ಉಸಿರು ನೋಡಿಕೊಳ್ಳುತ್ತ ಇನ್ನೊಮ್ಮೆ ಮಾಡಿ ಅಂದೆ. ಮೂರನೇ ಅಡಿಕೆಗೆ ಕೈ ನಿಲ್ಲಿಸಿ, “ಅಯ್ಯೋ, ಹೌದಲ್ಲ” ಅಂದರು. ಕೆಲಸದಲ್ಲಿ ಮೈ ದಿನವೆಲ್ಲ ಒಂದೇ ಕಡೆ ಬಾಗುತ್ತದೆ, ಗಮನ ಅಡಿಕೆಯ ಮೇಲಿರುತ್ತದೆ. ಯೋಗದಲ್ಲಿ ಆ ಮೈಯನ್ನು ಹಿಂದಕ್ಕೂ ಬಿಚ್ಚಬೇಕು, ಗಮನ ಉಸಿರಿನ ಮೇಲಿರಬೇಕು. ಅತ್ತೆಗೆ ಇದನ್ನು ವಿವರಿಸಲು ಹೋಗಬೇಡಿ, ನಿಮಗೆ ಗೊತ್ತಿದ್ದರೆ ಸಾಕು ಅಂದೆ.

ನಾನು ಯೋಗ ಶಿಕ್ಷಕಿಯೂ ಅಲ್ಲ, ವೈದ್ಯಳೂ ಅಲ್ಲ. ಆಸನ ಮತ್ತೆ ಶುರು ಮಾಡುವ ಮೊದಲು ಡಾಕ್ಟರ ಹತ್ರ ಕಳಿಸಿದೆ. ಈ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹಂತದಲ್ಲೂ ನಿದ್ರೆ ಕೆಡುತ್ತದೆ, ಥೈರಾಯ್ಡ್ ಹೆಚ್ಚಾದರೂ ಕೆಡುತ್ತದೆ. ಸುಮ್ನೆ ಮನಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ. ಥೈರಾಯ್ಡ್, ರಕ್ತ ಎರಡೂ ಸರಿ ಇತ್ತು. ಬಿಪಿ ಮಾತ್ರ ಬೇರೆ ಬೇರೆ ದಿನ ನೋಡಿದಾಗಲೂ 150ರ ಮೇಲೆ, ಕೆಳಗಿನದು 95ರ ಹತ್ತಿರ. ಡಾಕ್ಟರು ಗುಳಿಗೆ ಶುರು ಮಾಡಿದರು. ಶಿಬಿರದಲ್ಲಿ ಕಲಿತ, ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ, ಹೆಗಲ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನ, ಹಲಾಸನ ಎಲ್ಲ ಬದಿಗಿಡಬೇಕಾಯಿತು. ಬಿಪಿ ಇರುವವರಿಗೆ ಇವು ತಕ್ಕದ್ದಲ್ಲ. ಶಿಕ್ಷಕಿಗೆ ಫೋನ್ ಮಾಡಿ ತಿಳಿಸಿ ಅಂದೆ, ಇವರು ತಿಳಿಸಿದರು. ಶಿಬಿರ ಸೇರುವಾಗಲೇ ಬಿಪಿ ನೋಡಿಸಿದ್ದರೆ ಒಳ್ಳೆಯದಿತ್ತು. 40 ದಾಟಿದವರು ದಯವಿಟ್ಟು ಇಷ್ಟು ಮಾಡಿ.

ಆಮೇಲೆ ನಾವು ಕೂತು ಒಪ್ಪಿಕೊಂಡದ್ದು ಹೀಗೆ. ನಿದ್ರೆ ಕದ್ದು ಯೋಗ ಬೇಡ, ನಾಲ್ಕೂವರೆಯ ಅಲಾರಂ ತೆಗೆಯುವುದು. ಹಾಲು ಕರೆದು ಬಂದ ಮೇಲೆ, ಚಹಾ ಕುಡಿಯುವ ಮೊದಲು, 12 ನಿಮಿಷ. ಜಾಗ ಮಲಗುವ ಕೋಣೆಯ ಮಂಚದ ಪಕ್ಕ, ಅಲ್ಲಿಗೆ ಅಡಿಕೆ ಬರುವುದಿಲ್ಲ. ಗಾರೆ ನೆಲ ತಣ್ಣಗೆ, ಕಾಲು ಜಾರುತ್ತದೆ, ಅದಕ್ಕೆ ಚಾಪೆಯ ಬದಲು ದಪ್ಪ ಕಂಬಳಿ. ನಿಂತು ಉಸಿರಿನ ಜೊತೆ ಕೈ ಎತ್ತಿ ಇಳಿಸುವುದು, ಬೆಕ್ಕಿನ ಹಾಗೆ ಬೆನ್ನು ಬಾಗಿಸಿ ಎತ್ತುವ ಮಾರ್ಜಾಲಾಸನ, ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತುವ, ಆದರೆ ಹೆಚ್ಚು ಎತ್ತರಕ್ಕೆ ಏಳದ ಭುಜಂಗಾಸನ, ಕೊನೆಗೆ ಶವಾಸನ. ಕ್ರಮ ಶಿಕ್ಷಕಿಯೇ ಕೊಟ್ಟದ್ದು.

ಅಷ್ಟೂ ಆಗದ ದಿನಕ್ಕೆ ಮೂರು ನಿಮಿಷ. ಗೋಡೆಗೆ ಒರಗಿ ಕೂತು ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಉಸಿರು ನಿಧಾನವಾಗಿ, ಹೊರಗೆ ಬಿಡುವುದು ಉದ್ದವಾಗಿ ಇದ್ದರೆ ಎದೆಬಡಿತ ತಗ್ಗುತ್ತದೆ, ಮೈ ಸಡಿಲಾಗುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾದರೂ ಇದೇ, ಮಲಗಿದಲ್ಲೇ. ಮೊಬೈಲ್ ಮುಟ್ಟುವುದು ಬೇಡ. ಮೂರು ನಿಮಿಷದ ದಿನಕ್ಕೂ 12 ನಿಮಿಷದ ದಿನಕ್ಕೂ ಕ್ಯಾಲೆಂಡರಿನಲ್ಲಿ ಒಂದೇ ಗುರುತು. ಪೂರ್ತಿ ತಪ್ಪಿದ ದಿನ ಅಡ್ಡಗೆರೆ ಹಾಕಬಾರದು, ಕಾರಣವನ್ನು ಒಂದು ಶಬ್ದದಲ್ಲಿ ಬರೆಯಬೇಕು.

“ಇಷ್ಟೇಯಾ? ಹೀಗಾದರೆ ಮುಂದೆ ಹೋಗೂದು ಯಾವಾಗ?” ಅಂತ ಕೇಳಿದರು. ಅವರಿಗೆ ಸರ್ವಾಂಗಾಸನ ಬಿಟ್ಟದ್ದರ ಬೇಸರ ಇತ್ತು. ಕೇಳಬೇಕಾದ ಪ್ರಶ್ನೆಯೇ. ಬಿ.ಕೆ.ಎಸ್. ಅಯ್ಯಂಗಾರರ ವಿಷಯ ಹೇಳಿದೆ. 1918ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕಾಯಿಲೆಯ ಮೇಲೆ ಕಾಯಿಲೆ. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, ಮುಂದೆ ಲೋಕಕ್ಕೆಲ್ಲ ಕಲಿಸಿದರು. ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಮಡಚಿದ ಕಂಬಳಿ ಇವನ್ನೆಲ್ಲ ಆಸನಕ್ಕೆ ಆಸರೆಯಾಗಿ ತಂದವರು ಅವರು. ಮೈ ಬಗ್ಗದವರಿಗೆ, ವಯಸ್ಸಾದವರಿಗೆ ಅದರಿಂದ ಆಸನ ಸಿಕ್ಕಿತು. ನಿಮ್ಮ ಮನೆಯ ಊಟದ ಮಣೆಯೂ ಆ ಕೆಲಸಕ್ಕೆ ಬರುತ್ತದೆ ಅಂದೆ.

ಮುಂದೆ ಹೋಗುವುದನ್ನು ಅಳೆಯಲು ಮೂರು ವಿಷಯ ಗಮನಿಸಲು ಕೊಟ್ಟೆ. ತಪ್ಪಿದ ಮೇಲೆ ಎಷ್ಟನೇ ದಿನಕ್ಕೆ ಮತ್ತೆ ಕೂತಿರಿ. ಆಸನದಲ್ಲಿ ಉಸಿರು ಕಟ್ಟಿತಾ, ಹರಿಯಿತಾ. ಮುಗಿಸಿ ಎದ್ದಾಗ ಮುಖ ಬಿಗಿದಿದೆಯಾ, ಸಡಿಲಾಗಿದೆಯಾ. ಒಂದು ಆಸನದಲ್ಲಿ ಹತ್ತು ಉಸಿರು ಆರಾಮಾಗಿ ನಿಲ್ಲಲು ಬಂದ ಮೇಲೆ ಇನ್ನೊಂದನ್ನು ಸೇರಿಸಿ, ಅದೂ ಶಿಕ್ಷಕಿಯನ್ನು ಕೇಳಿ.

ಫೆಬ್ರವರಿ ಹಾಳೆಯಲ್ಲಿ ನಾಲ್ಕು ಕಡೆ ಕಾರಣ ಇತ್ತು: ‘ಜ್ವರ’, ‘ಜ್ವರ’, ‘ತವರು’, ‘ಮನಸ್ಸಿಲ್ಲ’. ಕೊನೆಯದನ್ನು ಬರೆಯಲು ನಾಚಿಕೆಯಾಯಿತಂತೆ, ಆದರೂ ಬರೆದಿದ್ದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ಒಂದು ಶಬ್ದ. ಮಾರ್ಚಿನಲ್ಲಿ ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು, ಮಂಚದ ಪಕ್ಕವೂ ಹಾಸಿಗೆ. ಒಂಬತ್ತು ದಿನ ಪೂರ್ತಿ ನಿಂತಿತು. ಹತ್ತನೇ ದಿನ, ನೆಂಟರ ಹಾಸಿಗೆ ಬಟ್ಟೆ ಒಗೆದು ಹಾಕಿ ಬಂದು, ಗೋಡೆಗೆ ಒರಗಿ ಮೂರು ನಿಮಿಷ ಕೂತರು. ಹಾಳೆಯಲ್ಲಿ ಒಂಬತ್ತು ಮನೆಗೂ ಸೇರಿಸಿ ಉದ್ದಕ್ಕೆ ‘ಜಾತ್ರೆ’ ಅಂತ ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು.

ಮೇ ಕೊನೆಯಲ್ಲಿ ಬಂದಾಗ ಬಿಪಿ 130ರ ಹತ್ತಿರ ಇತ್ತು. ಗುಳಿಗೆ ಮುಂದುವರಿದಿದೆ, ಅದನ್ನು ನಿಲ್ಲಿಸುವ ಮಾತು ಡಾಕ್ಟರಿಗೆ ಬಿಟ್ಟದ್ದು. ಎರಡು ಗಂಟೆಯ ಎಚ್ಚರ ಈಗಲೂ ವಾರಕ್ಕೆರಡು ಸಲ ಆಗುತ್ತದೆ, ಮತ್ತೆ ನಿದ್ರೆ ಹತ್ತುತ್ತದೆ. ಶವಾಸನದಲ್ಲಿ ಮನಸ್ಸು ಕೊಟ್ಟಿಗೆಗೆ ಓಡುತ್ತದೆ ಅಂದರು. ಓಡಲಿ, ಉಸಿರು ಎಣಿಸುತ್ತ ಕರೆದುಕೊಂಡು ಬನ್ನಿ ಅಂದೆ. ಮಳೆ ಹಿಡಿದ ಮೇಲೆ ಕೋಣೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಾರಂತೆ, ಹಾಗಾಗಿ ಕಂಬಳಿ ಹಾಸಲು ದೇವರ ಕೋಣೆಯ ಎದುರಿನ ಜಾಗ ನೋಡಿಟ್ಟಿದ್ದಾರೆ. ಮುಂದಿನ ಭೇಟಿ ಕೊಳೆ ಔಷಧಿಯ ಮೊದಲ ಸುತ್ತು ಮುಗಿದ ಮೇಲೆ.